ಬೇರೊಬ್ಬರು ಬರೆದುಕೊಟ್ಟಂತೆಯೇ ಮಾಡಿದರೂ ಬ್ರೆಡ್ ರೋಲ್ ಗಟ್ಟಿಯಾಗುವುದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಮನೆಯಲ್ಲೇ ಬ್ರೆಡ್ ಮಾಡುತ್ತಿರುವ ಗೆಳತಿಯೊಬ್ಬರು ತಮ್ಮ ಬ್ರೆಡ್ ರೋಲ್ ಮಾಡುವ ವಿಧಾನವನ್ನು ನನಗೆ ಬರೆದುಕೊಟ್ಟಿದ್ದಾರೆ. ಅವರು ಮಾಡಿದ ರೋಲ್ ಅನ್ನು ನಾನು ತಿಂದಿದ್ದೇನೆ; ಎರಡು ಬೆರಳಿನಲ್ಲಿ ಹಿಡಿದು ಬಿಡಿಸಿದರೆ ಒಳಗಿನ ತಿರುಳು ಹತ್ತಿಯ ಎಳೆಯಂತೆ ಬಿಟ್ಟುಕೊಳ್ಳುತ್ತದೆ. ಅವರು ಬರೆದಿರುವ ಅಳತೆ ಹೀಗಿದೆ: ನಾಲ್ಕು ಕಪ್ ಮೈದಾ, ಒಂದೂಕಾಲು ಕಪ್ ಉಗುರುಬೆಚ್ಚಗಿನ ಹಾಲು, ಎರಡು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಮೂರು ದೊಡ್ಡ ಚಮಚ ಸಕ್ಕರೆ, ಒಂದೂವರೆ ಟೀ ಚಮಚ ಉಪ್ಪು, 50 ಗ್ರಾಂ ಬೆಣ್ಣೆ. ಒಂದು ಗಂಟೆ ಉಬ್ಬಲು ಬಿಟ್ಟು, ಉಂಡೆ ಕಟ್ಟಿ, ಮತ್ತೆ ಅರ್ಧ ಗಂಟೆ ಬಿಟ್ಟು, 180 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಬೇಕು.

ನಾನು ಒಂದು ಚಮಚವನ್ನೂ ಹೆಚ್ಚುಕಡಿಮೆ ಮಾಡಲಿಲ್ಲ. ಆದರೂ ನಾದುವಾಗಲೇ ಹಿಟ್ಟು ಬಿಗಿಯಾಗಿತ್ತು, ಉಂಡೆ ಕಟ್ಟಿದಾಗ ಅಡಿಯ ಮಡಿಕೆಗಳು ಕೂಡಿಕೊಳ್ಳದೆ ಬಾಯಿ ಬಿಟ್ಟಿದ್ದವು, ಬೆಂದ ರೋಲ್‌ಗಳು ತೂಕವಾಗಿ, ಮೇಲೆ ಒರಟಾಗಿ, ಮರುದಿನಕ್ಕೆ ಒಣಗಿಯೂ ಹೋಗಿದ್ದವು. ಅಷ್ಟು ಅಕ್ಕರೆಯಿಂದ ಬರೆದುಕೊಟ್ಟವರ ಬಳಿ ಹೋಗಿ ನಿಮ್ಮ ಅಳತೆ ಸರಿಯಿಲ್ಲವೆಂದು ಹೇಳಲು ನನಗೆ ಮನಸ್ಸಿಲ್ಲ, ಮತ್ತು ತಪ್ಪು ಅವರದೆಂದು ನನಗೆ ಅನ್ನಿಸುವುದೂ ಇಲ್ಲ. ನಾನು ಎಲ್ಲಿ ಎಡವಿರಬಹುದು?

ಮೊದಲ ಉತ್ತರ

ನೀವು ಬರೆದ ಅಳತೆಯಲ್ಲಿ ದೋಷ ಕಾಣುತ್ತಿಲ್ಲ. ನನ್ನ ಅನುಮಾನವೆಲ್ಲ ನೀವು ಕಪ್ ತುಂಬಿದ ರೀತಿಯ ಮೇಲಿದೆ. ಮೈದಾವನ್ನು ಚಮಚದಿಂದ ಸಡಿಲಿಸಿ, ಹಗುರವಾಗಿ ಕಪ್ಪಿಗೆ ಸುರಿದು, ಮೇಲ್ಭಾಗವನ್ನು ಚಾಕುವಿನಿಂದ ಸವರಿದರೆ ಒಂದು ಕಪ್ ಸುಮಾರು 125 ಗ್ರಾಂ ತೂಗುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತುಂಬಿದರೆ 150 ಗ್ರಾಂ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಹೀಗಾಗಿ ನಾಲ್ಕು ಕಪ್ ಎಂದರೆ ಅವರ ಕೈಯಲ್ಲಿ 500 ಗ್ರಾಂ, ನಿಮ್ಮ ಕೈಯಲ್ಲಿ 600 ಗ್ರಾಂ ಆಗಿರಲು ಸಾಧ್ಯವಿದೆ. ಒಂದೂಕಾಲು ಕಪ್ ಹಾಲು ಸುಮಾರು 300 ಮಿಲಿ. ಅಂದರೆ ಅವರ ಹಿಟ್ಟಿನಲ್ಲಿ ಪ್ರತಿ 100 ಗ್ರಾಂ ಮೈದಾಗೆ 60 ಮಿಲಿ ಹಾಲಿದ್ದರೆ, ನಿಮ್ಮದರಲ್ಲಿ ಇದ್ದದ್ದು 50 ಮಿಲಿ ಮಾತ್ರ. ರೋಲ್ ಮೃದುವಾಗುವುದೂ ಗಟ್ಟಿಯಾಗುವುದೂ ಈ ಹತ್ತರ ಅಂತರದಲ್ಲೇ ನಿರ್ಧಾರವಾಗಿಬಿಡುತ್ತದೆ. ಅಡಿಯ ಮಡಿಕೆ ಕೂಡಿಕೊಳ್ಳಲಿಲ್ಲವೆಂದು ನೀವು ಬರೆದಿರುವುದೂ ಹಿಟ್ಟು ಒಣಗಿದ್ದುದರ ಗುರುತೇ ಆಗಿದೆ. ಮುಂದಿನ ಬಾರಿ ಮೈದಾವನ್ನು ತೂಗಿ ಹಾಕಿ, ಉಳಿದ ಯಾವುದನ್ನೂ ಬದಲಿಸಬೇಡಿ.

ಎರಡನೆಯ ಉತ್ತರ

ಮೇಲಿನ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ‘ಒಂದು ಗಂಟೆ’ ಎಂಬ ಮಾತನ್ನೂ ನೀವು ಅಕ್ಷರಶಃ ಪಾಲಿಸಿದ್ದೀರೆಂದು ತೋರುತ್ತದೆ. ಆ ಒಂದು ಗಂಟೆ ಅವರ ಅಡುಗೆಮನೆಯ ಗಂಟೆ. ಬೆಚ್ಚಗಿನ ಕೋಣೆಯಲ್ಲಿ ಒಂದು ಗಂಟೆಗೆ ಎರಡರಷ್ಟಾಗುವ ಹಿಟ್ಟು 20 ಡಿಗ್ರಿಯ ತಂಪಿನಲ್ಲಿ ಎರಡು ಗಂಟೆಯನ್ನೂ ಕೇಳಬಹುದು, ಬಿಗಿಯಾಗಿ ಕಲಸಿದ್ದರೆ ಇನ್ನೂ ನಿಧಾನವಾಗುತ್ತದೆ. ನೆಟ್ಟಗಿನ ಗೋಡೆಯ ಪಾತ್ರೆಯೊಂದಕ್ಕೆ ಹಿಟ್ಟನ್ನು ಹಾಕಿ, ಅದು ಎಲ್ಲಿಯವರೆಗೆ ಇದೆಯೆಂದು ಹೊರಗಡೆ ಗುರುತು ಮಾಡಿಕೊಂಡರೆ ಗಡಿಯಾರವನ್ನು ನೋಡುವ ಅಗತ್ಯವೇ ಇರುವುದಿಲ್ಲ.

ಉಂಡೆ ಕಟ್ಟಿದ ಮೇಲಿನ ಕಾಯುವಿಕೆಯೂ ಅಷ್ಟೇ ಮುಖ್ಯ. ಬೆರಳಿಗೆ ಸ್ವಲ್ಪ ಹಿಟ್ಟು ಸವರಿ ಉಂಡೆಯನ್ನು ಮೆಲ್ಲಗೆ ಒತ್ತಿ ನೋಡಿ: ತಗ್ಗು ತಟಕ್ಕನೆ ಮುಚ್ಚಿಕೊಂಡರೆ ಇನ್ನೂ ಕಾಯಬೇಕು, ನಿಧಾನವಾಗಿ ಮೇಲೆದ್ದು ಸಣ್ಣ ಗುರುತನ್ನು ಉಳಿಸಿದರೆ ಓವನ್‌ಗೆ ಇಡಬಹುದು, ಏಳದೆ ಹಾಗೆಯೇ ಉಳಿದರೆ ಹೊತ್ತು ಮೀರಿದೆ. ಈ ಹೊತ್ತಿನಲ್ಲಿ ಉಂಡೆಗಳ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆ ಇರಬೇಕು. ಮೇಲ್ಮೈ ಒಣಗಿ ಸಿಪ್ಪೆಗಟ್ಟಿದರೆ ಓವನ್‌ನ ಬಿಸಿಗೆ ಉಂಡೆ ಹಿಗ್ಗಲಾರದು.

ಮೂರನೆಯ ಉತ್ತರ

ಯೀಸ್ಟ್ ಯಾವುದೆಂದು ಪೊಟ್ಟಣವನ್ನು ಒಮ್ಮೆ ನೋಡಿಕೊಳ್ಳಿ. ದಪ್ಪ ಕಾಳಿನ ಆ್ಯಕ್ಟಿವ್ ಡ್ರೈ ಯೀಸ್ಟ್ ಆಗಿದ್ದರೆ ಇನ್‌ಸ್ಟಂಟ್‌ಗಿಂತ ಸುಮಾರು ಕಾಲು ಭಾಗ ಹೆಚ್ಚು ಬೇಕಾಗುತ್ತದೆ, ಅದನ್ನು ಮೊದಲು ಬೆಚ್ಚಗಿನ ಹಾಲಿನಲ್ಲಿ ನೆನೆಸುವುದು ಒಳ್ಳೆಯದು. ಹಾಲು 40 ಡಿಗ್ರಿಯ ಆಸುಪಾಸಿನಲ್ಲಿರಲಿ. 60 ಡಿಗ್ರಿ ಮುಟ್ಟಿದರೆ ಯೀಸ್ಟ್ ಸಾಯುತ್ತದೆ. ಮೇಲ್ಭಾಗ ಒರಟಾಗುವುದಕ್ಕೆ ಪರಿಹಾರ ಸುಲಭವಿದೆ: ಓವನ್‌ನಿಂದ ತೆಗೆದೊಡನೆ ಬೆಣ್ಣೆ ಸವರಿ ಶುಭ್ರವಾದ ಬಟ್ಟೆ ಮುಚ್ಚಿಡಿ, ಒಳಗಿನ ಹಬೆಯೇ ಅದನ್ನು ಮೆತ್ತಗಾಗಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನನ್ನ ಅಭ್ಯಾಸದಂತೆಯೇ ನಾಲ್ಕು ಕಪ್ ಮೈದಾ ತುಂಬಿ ತೂಗಿದೆ. 612 ಗ್ರಾಂ ಬಂದಿತು. ನಿನ್ನೆ 500 ಗ್ರಾಂ ತೂಗಿಯೇ ಮಾಡಿದೆ. ಮೊದಲ ಐದು ನಿಮಿಷ ಹಿಟ್ಟು ಅಂಗೈಗೂ ಮಣೆಗೂ ಎಷ್ಟು ಅಂಟಿಕೊಂಡಿತೆಂದರೆ, ಇನ್ನೊಂದು ಹಿಡಿ ಮೈದಾ ಉದುರಿಸಲು ಕೈ ಎರಡು ಬಾರಿ ಡಬ್ಬಿಯತ್ತ ಹೋಯಿತು. ತಡೆದುಕೊಂಡು ನಾದುತ್ತಲೇ ಇದ್ದೆ. ಹತ್ತು ಹನ್ನೆರಡು ನಿಮಿಷಗಳಲ್ಲಿ ಅದು ತಾನಾಗಿಯೇ ಕೈ ಬಿಟ್ಟು ನುಣುಪಾಯಿತು. ಒಂದು ತುಣುಕನ್ನು ಎಳೆದು ಬೆಳಕಿಗೆ ಹಿಡಿದರೆ ಹರಿಯದೆ ತೆಳುವಾದ ಪೊರೆಯಂತೆ ನಿಂತಿತು. ಉಬ್ಬಲು ಒಂದು ಗಂಟೆ ಐವತ್ತು ನಿಮಿಷ ಬೇಕಾಯಿತು, ಅಂದರೆ ಹಿಂದಿನ ಬಾರಿ ಅರ್ಧ ಉಬ್ಬಿದ ಹಿಟ್ಟನ್ನೇ ನಾನು ಓವನ್‌ಗೆ ಇಟ್ಟಿದ್ದೆ. ಯೀಸ್ಟ್ ಇನ್‌ಸ್ಟಂಟ್ ಆಗಿಯೇ ಇದ್ದುದರಿಂದ ಅದರ ಅಳತೆಯನ್ನು ಬದಲಿಸಲಿಲ್ಲ.

ರೋಲ್‌ಗಳು ಒಂದಕ್ಕೊಂದು ಅಂಟಿಕೊಂಡು ಬೆಂದಿದ್ದವು. ಬಿಡಿಸಿದಾಗ ಅಂಟಿದ್ದ ಪಕ್ಕಗಳಲ್ಲಿ ನಾನು ಹುಡುಕುತ್ತಿದ್ದ ಆ ಎಳೆಗಳು ಕಂಡವು. ಗೆಳತಿಗೆ ಕೂಡಲೇ ಕರೆ ಮಾಡಿ ಅವರು ಕಪ್ಪನ್ನು ಹೇಗೆ ತುಂಬುತ್ತಾರೆಂದು ಕೇಳಿದೆ. ಚಮಚದಿಂದಲೇ ತುಂಬುತ್ತಾರಂತೆ; ಬೇರೆ ರೀತಿಯಲ್ಲಿಯೂ ತುಂಬುವವರಿದ್ದಾರೆಂದು ತೋಚದ ಕಾರಣ ಅದನ್ನು ಬರೆದಿರಲಿಲ್ಲವಂತೆ. ಈಗ ಅವರ ಹಾಳೆಯಲ್ಲಿ ‘ನಾಲ್ಕು ಕಪ್’ ಎಂಬುದರ ಪಕ್ಕ, ಅವರನ್ನು ಕೇಳಿಯೇ, ‘500 ಗ್ರಾಂ’ ಎಂದು ಬರೆದುಕೊಂಡಿದ್ದೇನೆ.