ರೆಸಿಡ್ಯುಯಲ್ ಇಳಿದ್ರೆ ಉತ್ತರ ಸರಿನಾ? ಬ್ಯಾಚ್ ಗುಂಪಲ್ಲಿ ಮತ್ತೆ ಜಗಳ

ಸುರೇಶ: [ಹಲವು ಬಾರಿ ಫಾರ್ವರ್ಡ್ ಆಗಿದೆ] ತಪ್ಪದೇ ಓದಿ!! ಸ್ಪಾರ್ಸ್ ಮ್ಯಾಟ್ರಿಕ್ಸ್ (ಬಹುಪಾಲು ಸೊನ್ನೆಗಳೇ ಇರುವ ಸಮೀಕರಣಗಳ ಕೋಷ್ಟಕ) ಎಷ್ಟೇ ದೊಡ್ಡದಿರಲಿ, ರೆಸಿಡ್ಯುಯಲ್ (ಉತ್ತರವನ್ನು ಸಮೀಕರಣಕ್ಕೆ ಹಾಕಿದಾಗ ಉಳಿಯುವ ವ್ಯತ್ಯಾಸ) 10^-12ಕ್ಕೆ ಇಳಿದರೆ ಉತ್ತರ 12 ಅಂಕಿವರೆಗೂ ಸರಿ. ಕಂಡಿಷನ್ ನಂಬರ್ ಅನ್ನೋದು ಪಠ್ಯಪುಸ್ತಕದ ಗುಮ್ಮ. 10 ಇಂಜಿನಿಯರ್‌ಗಳಿಗೆ ಕಳಿಸಿ 🙏

ಸುರೇಶ: ನಾನು ಅವತ್ತೇ ಹೇಳಿದ್ದೆ. ರಘು ಓದ್ಬೇಕು 😄

ಶೈಲಜಾ: ಬರೆದಿದ್ದು ಯಾರು? ಮೂಲ ಎಲ್ಲಿ?

ಸುರೇಶ: ಶುರುವಾಯ್ತು. ಗುಡ್ ಮಾರ್ನಿಂಗ್ ಮೆಸೇಜಿಗೂ ಮೂಲ ಕೇಳ್ತೀಯಲ್ಲ ನೀನು.

ಶೈಲಜಾ: ಆ ಗುಮ್ಮನಿಗೆ, ಅಂದ್ರೆ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದು ಅನ್ನೋ ಅಳತೆಗೆ, ಹೆಸರಿಟ್ಟಿದ್ದು ಗಣಿತಜ್ಞ ಟ್ಯೂರಿಂಗ್, 1948ರಲ್ಲಿ. ಹೋಗ್ಲಿ, ಮೂಲ ಬೇಡ, ಪೆನ್ ತಗೋ. ಮೊದಲ ಸಮೀಕರಣ: ಎಕ್ಸ್ + ವೈ = 2. ಎರಡನೇದು: ಎಕ್ಸ್ + 1.0001 ವೈ = 2.0001. ಉತ್ತರ 1, 1. ಈಗ ಬೇಕಂತಲೇ 2, 0 ಹಾಕು. ಮೊದಲನೇದು ಪೂರ್ತಿ ಸರಿಹೋಗುತ್ತೆ, ಎರಡನೇದರಲ್ಲಿ ಬರೀ 0.0001 ವ್ಯತ್ಯಾಸ. ರೆಸಿಡ್ಯುಯಲ್ ಮುದ್ದಾಗಿದೆ, ಉತ್ತರ ಹಾಳಾಗಿದೆ. ಇದರ ಕಂಡಿಷನ್ ನಂಬರ್ ಸುಮಾರು 40,000.

ಸುರೇಶ: 2×2 ತಂದು ಹೆದರಿಸ್ಬೇಡ. ಮೆಸೇಜ್ ಇರೋದು ದೊಡ್ಡ ಮ್ಯಾಟ್ರಿಕ್ಸ್ ಬಗ್ಗೆ.

ರಘು: ದೊಡ್ಡದೇ ತಗೋ. ಪಾಯ್ಸಾನ್ ಸಮೀಕರಣ (ಶಾಖ ಹರಡೋ ತರದ ಲೆಕ್ಕದ್ದು), ಚೌಕ ಗ್ರಿಡ್, 1000×1000 ನೋಡ್ (ಬಿಂದು). ಹತ್ತು ಲಕ್ಷ ಅಜ್ಞಾತಗಳು, ಕಂಡಿಷನ್ ನಂಬರ್ ಸುಮಾರು 4 ಲಕ್ಷ. ಸಾಪೇಕ್ಷ ರೆಸಿಡ್ಯುಯಲ್ 10^-12 ಆದ್ರೆ ದೋಷ 4×10^-7ರ ಒಳಗೆ ಅಂತಷ್ಟೇ ಗ್ಯಾರಂಟಿ. ಅಂದ್ರೆ 6 ಅಂಕಿ. ಅದೇ ಹತ್ತು ಲಕ್ಷ ನೋಡ್‌ಗಳನ್ನ ಒಂದೇ ಗೆರೆ ಮೇಲೆ ಸಾಲಾಗಿ ಇಡು, 4×10^11 ಆಗುತ್ತೆ. ನಿನ್ನ 10^-12 ಅಲ್ಲಿ ಒಂದೇ ಒಂದು ಅಂಕಿಗೂ ಖಾತ್ರಿ ಕೊಡಲ್ಲ.

ಸುರೇಶ: 6 ಅಂಕಿ ಬಂತಲ್ಲ! ಅರ್ಧ ಒಪ್ಪಿಕೊಂಡೆ ಅಂತಾಯ್ತು.

ರಘು: 12 ಅಂತ ಬರೆದಿರೋದು ಯಾರೋ ಮಾರಾಯ?

ಮೂರ್ತಿ ಸರ್: ಯಂತ್ರವನ್ನು ಕುರುಡಾಗಿ ನಂಬಬಾರದು ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆ. 1991ರ ಫೆಬ್ರವರಿ 25, ಸೌದಿ ಅರೇಬಿಯಾದ ಧಹ್ರಾನ್. ಪೇಟ್ರಿಯಟ್ ಕ್ಷಿಪಣಿ ತಡೆ ವ್ಯವಸ್ಥೆಯಲ್ಲಿ 0.1 ಅನ್ನು 24 ಬಿಟ್‌ಗೆ ಕತ್ತರಿಸಿದ್ದರು. 100 ಗಂಟೆಗೆ ಗಡಿಯಾರ 0.34 ಸೆಕೆಂಡ್ ತಪ್ಪಿತು, ಬಂದ ಕ್ಷಿಪಣಿಯನ್ನು ತಡೆಯಲಾಗಲಿಲ್ಲ, 28 ಸೈನಿಕರು ಸತ್ತರು. ಶಿಸ್ತು ಮುಖ್ಯ.

ಶೈಲಜಾ: ನಿಜ ಸರ್. ಆದ್ರೆ ಅಲ್ಲಿ ಮ್ಯಾಟ್ರಿಕ್ಸ್ ಬಿಡಿಸೋ ಪ್ರಶ್ನೆ ಇರಲಿಲ್ಲ.

ಮೂರ್ತಿ ಸರ್: ನಾನು ತತ್ವ ಹೇಳಿದೆ.

ದಿನೇಶ: ಲಾಗ್ ಟೇಬಲ್ ಕಾಲವೇ ಚೆನ್ನಾಗಿತ್ತು ಕಣ್ರೋ. ನಾಲ್ಕೇ ಅಂಕಿ, ಜಗಳವೇ ಇಲ್ಲ. ಆ ಪುಸ್ತಕದ ವಾಸನೆ ಯಾರಿಗಾದ್ರೂ ನೆನಪಿದೆಯಾ?

ರಘು: ನನಗೆ ನೆನಪಿರೋದು ಸುರೇಶ ಪ್ರಾಜೆಕ್ಟಲ್ಲಿ ಎಲ್ಲ ಕಡೆ ಹಾಕಿದ್ದ 10^20 ಪೆನಾಲ್ಟಿ, ಅಂದ್ರೆ ನೋಡ್ ಅಲ್ಲಾಡದ ಹಾಗೆ ಮ್ಯಾಟ್ರಿಕ್ಸ್‌ಗೆ ಕೂಡಿಸೋ ಭಾರೀ ಸಂಖ್ಯೆ.

ಸುರೇಶ: ಸಪೋರ್ಟ್ ಹಿಡಿಯೋಕೆ ಎಲ್ಲರೂ ಹಾಗೇ ಹಾಕ್ತಾರೆ!

ರಘು: ಒಂದು ನೋಡ್ ಹಿಡಿಯೋಕೆ ಹಾಕಿದ್ರೆ ಬಚಾವ್. ನೀನು ಎರಡು ನೋಡ್ ಜೋಡಿಸೋಕೂ ಹಾಕಿದ್ದೆ. ಡಬಲ್ ಪ್ರಿಸಿಷನ್‌ನಲ್ಲಿ (ಕಂಪ್ಯೂಟರಿನ 64 ಬಿಟ್ ಸಂಖ್ಯೆ) 10^20ರ ಹತ್ತಿರ ಒಂದು ಸಂಖ್ಯೆಗೂ ಮುಂದಿನದಕ್ಕೂ ಅಂತರ 16,384. ಅದಕ್ಕೆ 1000ದ ಸ್ಟಿಫ್‌ನೆಸ್ (ಬಿಗಿತ) ಕೂಡಿಸಿದ್ರೆ 1000 ಮಾಯ. ಮ್ಯಾಟ್ರಿಕ್ಸ್‌ನಲ್ಲಿ ಆ ಎರಡು ನೋಡ್‌ಗಳ ನಾಲ್ಕು ಜಾಗದಲ್ಲಿ ಉಳಿಯೋದು ಬರೀ 10^20, -10^20. ಆ ತುಂಡು ಸಿಂಗ್ಯುಲರ್, ಅಂದ್ರೆ ಅದಕ್ಕೆ ಒಂದೇ ಖಚಿತ ಉತ್ತರ ಇಲ್ಲ. ಕರ್ಣದ ಅತಿ ದೊಡ್ಡ ಬೆಲೆಯ 10^4ರಿಂದ 10^6 ಪಟ್ಟು ಸಾಕಿತ್ತು. ಮಾರ್ಕ್ಸ್ ಹೋಗಿದ್ದು ಮಾತ್ರ ಇಬ್ಬರಿಗೂ.

ಸುರೇಶ: ಇಷ್ಟು ವರ್ಷ ಇದನ್ನ ಇಟ್ಕೊಂಡಿದ್ಯಾ?

ಗೀತಾ: ಲಗ್ರಾಂಜ್ ಗುಣಕ (ಷರತ್ತನ್ನೇ ಹೊಸ ಸಮೀಕರಣವಾಗಿ ಸೇರಿಸೋದು) ಹಾಕಿದ್ರೆ ಪೆನಾಲ್ಟಿಯೇ ಬೇಡ. ಆದ್ರೆ ಕರ್ಣದಲ್ಲಿ ಸೊನ್ನೆ ಬರುತ್ತೆ, ಚೊಲೆಸ್ಕಿ ಅನ್ನೋ ಬಿಡಿಸೋ ವಿಧಾನ ಬಿದ್ದುಹೋಗುತ್ತೆ, ಪಿವಟಿಂಗ್ (ಭಾಗಿಸೋಕೆ ತಕ್ಕ ಸಂಖ್ಯೆ, ಅಂದ್ರೆ ಪಿವಟ್, ಆರಿಸೋದು) ಇರೋ ಸಾಲ್ವರ್ ಬೇಕು. ಅಲ್ಲೂ ಒಂದು ಹುಷಾರು. ಪಿವಟ್‌ಗೋಸ್ಕರ ಸಾಲುಗಳನ್ನ ಬೇಕಾಬಿಟ್ಟಿ ಅದಲುಬದಲು ಮಾಡಿದ್ರೆ ಸೊನ್ನೆಗಳ ಜಾಗ ತುಂಬಿ ಮೆಮೊರಿ ಸಾಲಲ್ಲ. ಅದಕ್ಕೇ ಪಾರ್ಡಿಸೋ ತರದ ಸಾಲ್ವರ್‌ಗಳು ತೀರಾ ಸಣ್ಣ ಪಿವಟ್ ಸಿಕ್ಕಿದ್ರೆ ಅದರ ಬೆಲೆಯನ್ನೇ ಚೂರು ತಿದ್ದಿ ಮುಂದೆ ಹೋಗ್ತವೆ, ಆಮೇಲೆ ಇಟರೇಟಿವ್ ರಿಫೈನ್‌ಮೆಂಟ್‌ನಲ್ಲಿ (ಉತ್ತರವನ್ನ ಮತ್ತೆ ಮತ್ತೆ ತಿದ್ದೋದು) ಸರಿಮಾಡ್ತವೆ. ಎಷ್ಟು ಪಿವಟ್ ತಿದ್ದಿದೆ ಅನ್ನೋ ಲೆಕ್ಕ ಔಟ್‌ಪುಟ್‌ನಲ್ಲೇ ಸಿಗುತ್ತೆ. ಅದನ್ನ ಯಾರೂ ತೆಗೆದು ನೋಡಲ್ಲ.

ಶೈಲಜಾ: ಸ್ಕ್ರೀನ್ ಮೇಲೆ ಬರೋ ರೆಸಿಡ್ಯುಯಲ್ ಯಾವುದು ಅಂತಲೂ ಯಾರೂ ನೋಡಲ್ಲ. ಕಾಂಜುಗೇಟ್ ಗ್ರೇಡಿಯಂಟ್ (ಹೆಜ್ಜೆ ಹೆಜ್ಜೆಯಾಗಿ ಉತ್ತರದ ಹತ್ತಿರ ಹೋಗೋ ವಿಧಾನ) ತೋರಿಸೋದು ಹಿಂದಿನ ಹೆಜ್ಜೆಯದನ್ನ ತಿದ್ದುತ್ತಾ ಬಂದ ಅಂಕಿ. ರೌಂಡಿಂಗ್ ಸೇರ್ತಾ ಸೇರ್ತಾ ಅದು ನಿಜದ್ದನ್ನ ಬಿಟ್ಟು ಇಳೀತಾನೇ ಹೋಗುತ್ತೆ. ಪ್ರಿಕಂಡಿಷನರ್ (ಲೆಕ್ಕ ಬೇಗ ಮುಗಿಯೋಕೆ ಸಮೀಕರಣಗಳಿಗೆ ಹಚ್ಚೋ ಮಾರ್ಪಾಡು) ಇದ್ರೆ ಅದನ್ನ ಹಚ್ಚಿದ ಮೇಲಿನ ನಾರ್ಮ್ (ರೆಸಿಡ್ಯುಯಲ್‌ನ ಒಟ್ಟು ಗಾತ್ರ) ತೋರಿಸೋದೂ ಉಂಟು. ಕೊನೆಗೆ ಬಲಬದಿಯಿಂದ ಮ್ಯಾಟ್ರಿಕ್ಸ್ ಗುಣಿಲೆ ಉತ್ತರವನ್ನ ಒಂದ್ಸಲ ಹೊಸದಾಗಿ ಕಳೆದು ನೋಡ್ಬೇಕು. ಸ್ಪಾರ್ಸ್ ತಾನೇ, ಒಂದು ಗುಣಾಕಾರದ ಖರ್ಚಷ್ಟೇ.

ದಿನೇಶ: ಸ್ಲೈಡ್ ರೂಲ್ ಫೋಟೋ ಹಾಕಲಾ?

ಮೂರ್ತಿ ಸರ್: ಹಾಕು.

ಸುರೇಶ: ಸರಿ ಶೈಲಜಾ, ಸೋತೆ. ಎಷ್ಟು ಅಂಕಿ ನಂಬಬಹುದು ಅಂತ ತಿಳಿಯೋದು ಹೇಗೆ?

ಶೈಲಜಾ: ಟಾಲರೆನ್ಸ್ (ರೆಸಿಡ್ಯುಯಲ್ ಎಷ್ಟಕ್ಕಿಳಿದ್ರೆ ನಿಲ್ಲಿಸಬೇಕು ಅನ್ನೋ ಮಿತಿ) 100 ಪಟ್ಟು ಬಿಗಿ ಮಾಡಿ ಇನ್ನೊಂದ್ಸಲ ಓಡಿಸು. ಆಮೇಲೆ ಮ್ಯಾಟ್ರಿಕ್ಸ್ ಬೆಲೆಗಳನ್ನ 10^-10ರಷ್ಟು ಅಲ್ಲಾಡಿಸಿ ಮತ್ತೊಂದ್ಸಲ. ಮೂರರಲ್ಲೂ ಅಲ್ಲಾಡದೇ ನಿಂತ ಅಂಕಿಗಳನ್ನ ಮಾತ್ರ ರಿಪೋರ್ಟಲ್ಲಿ ಬರಿ. ಉತ್ತರ 10^-10ಕ್ಕಿಂತ ಎಷ್ಟು ಪಟ್ಟು ಜಾಸ್ತಿ ಕದಲಿತು ನೋಡು, ನಿನ್ನ ಗುಮ್ಮ ಕನಿಷ್ಠ ಅಷ್ಟು ದೊಡ್ಡದು.

ರಘು: ಆ ಫಾರ್ವರ್ಡ್ ಬೇರೆ ಗುಂಪಿಗೂ ಹಾಕಿದ್ಯಾ?

ಸುರೇಶ: 10 ಜನಕ್ಕೆ ಕಳಿಸಿ ಅಂತಿತ್ತಲ್ಲ.