ಎಲೆ ಸೊಂಪಾಗಿದ್ದರೂ ಹೆಲ್ಲೆಬೋರ್ ಹೂ ಬಿಡುತ್ತಿಲ್ಲ: ನೆರಳು ಹೆಚ್ಚಾಯಿತೇ?

ಪ್ರಶ್ನೆ

ವರ್ಷವಿಡೀ ಎಲೆ ಹೊತ್ತು ನಿಂತಿರುವ ಒಂದು ದಟ್ಟ ಮರದ ಕೆಳಗೆ ಮೂರು ವರ್ಷಗಳ ಹಿಂದೆ ಐದು ಹೆಲ್ಲೆಬೋರ್ ಗಿಡಗಳನ್ನು ನೆಟ್ಟಿದ್ದೇನೆ. ಅವುಗಳಲ್ಲಿ ಎರಡು, ಕ್ರಿಸ್‌ಮಸ್ ರೋಸ್ ಎಂದು ಕರೆಯಲಾಗುವ ಬಿಳಿ ಹೂವಿನ ಹೆಲೆಬೋರಸ್ ನೈಗರ್. ಉಳಿದ ಮೂರು ಬಣ್ಣಬಣ್ಣದ ಮಿಶ್ರತಳಿಗಳು. ಬೇರೆ ಗಿಡಗಳೆಲ್ಲ ಒಣಗಿ ಮಲಗಿರುವ ಚಳಿಗಾಲದಲ್ಲಿ ಆ ಮೂಲೆಯಲ್ಲಿ ಹೂ ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಎಲೆಗಳು ಚೆನ್ನಾಗಿಯೇ ಬೆಳೆದಿವೆ. ಆದರೆ ಮಿಶ್ರತಳಿಗಳು ಕಳೆದ ಚಳಿಗಾಲದಲ್ಲಿ ಒಂದೆರಡು ಹೂ ಕೊಟ್ಟದ್ದನ್ನು ಬಿಟ್ಟರೆ, ನೈಗರ್ ಗಿಡಗಳಲ್ಲಿ ಇದುವರೆಗೆ ಒಂದು ಮೊಗ್ಗೂ ಕಾಣಿಸಿಲ್ಲ. ಇದರ ಜೊತೆಗೆ ಹಳೆಯ ಎಲೆಗಳ ಮೇಲೆ ಕಪ್ಪು ಮಚ್ಚೆಗಳು ಮೂಡಿವೆ. ಇದು ನೆರಳಿನ ಗಿಡವೆಂದೇ ಆ ಜಾಗವನ್ನು ಆರಿಸಿದ್ದೆ. ತಪ್ಪಿದ್ದು ಎಲ್ಲಿ? ಗಿಡಗಳನ್ನು ಕಿತ್ತು ಬೇರೆಡೆ ನೆಡಬೇಕೇ?

ಮೊದಲ ಉತ್ತರ

ಹೆಲ್ಲೆಬೋರ್‌ಗೆ ಬೇಕಾದದ್ದು ಬೇಸಿಗೆಯ ನೆರಳು, ಚಳಿಗಾಲದ ಕತ್ತಲೆಯಲ್ಲ. ತೋಟಗಳಲ್ಲಿ ಕಾಣುವ ಮಿಶ್ರತಳಿಗಳ ಮೂಲ ಪ್ರಭೇದಗಳು ಬಾಲ್ಕನ್ ಪ್ರದೇಶ ಮತ್ತು ಅದರ ಪೂರ್ವದ ನಾಡುಗಳಲ್ಲಿ, ಹೆಚ್ಚಾಗಿ ಎಲೆ ಉದುರಿಸುವ ಮರಗಳ ನಡುವೆಯೂ ಕಾಡಿನ ಅಂಚಿನಲ್ಲಿಯೂ ಬೆಳೆಯುವಂಥವು. ಅಲ್ಲಿ ಶರತ್ಕಾಲದಲ್ಲಿ ಎಲೆ ಉದುರಿದ ದಿನದಿಂದ ವಸಂತದಲ್ಲಿ ಹೊಸ ಚಿಗುರು ಮುಚ್ಚಿಕೊಳ್ಳುವವರೆಗೆ ನೆಲಕ್ಕೆ ಧಾರಾಳವಾಗಿ ಬಿಸಿಲು ಬೀಳುತ್ತದೆ. ಗಿಡ ಹೂ ಬಿಡುವುದು, ಬೀಜ ಕಟ್ಟುವುದು, ಹೊಸ ಎಲೆ ತೆಗೆಯುವುದು ಹೆಚ್ಚಾಗಿ ಆ ಅವಧಿಯಲ್ಲೇ. ನೀವು ಆರಿಸಿದ ಮರ ಆ ಬೆಳಕನ್ನು ಎಂದೂ ಒಳಗೆ ಬಿಡುವುದಿಲ್ಲ. ಮಳೆಯ ನೀರನ್ನೂ ಬಹುಪಾಲು ತಡೆಯುತ್ತದೆ. ಮಿಶ್ರತಳಿಗಳು ಒಂದೆರಡು ಹೂವಿಗೇ ನಿಂತದ್ದಕ್ಕೆ ಇದೇ ಕಾರಣವಿರಬೇಕು.

ನೈಗರ್ ವಿಷಯದಲ್ಲಿ ಇನ್ನೊಂದು ಅನುಮಾನವಿದೆ. ಗಿಡದ ಬುಡದಲ್ಲಿರುವ ಮೊಗ್ಗುಗಳು ಮಣ್ಣಿನ ಮಟ್ಟದಲ್ಲೇ ಇರಬೇಕು. ಆಳದಲ್ಲಿ ಹೂತುಹೋದರೆ ಗಿಡ ಎಲೆಯನ್ನಷ್ಟೇ ಕೊಟ್ಟು ಹೂವನ್ನು ತಡೆಹಿಡಿಯುತ್ತದೆ, ಕೆಲವೊಮ್ಮೆ ಬುಡವೇ ಕೊಳೆಯುತ್ತದೆ. ಬೆರಳಿನಿಂದ ಮಣ್ಣನ್ನು ಮೆಲ್ಲಗೆ ಸರಿಸಿ, ಮೊಗ್ಗು ಎಷ್ಟು ಕೆಳಗಿದೆ ಎಂದು ದಯವಿಟ್ಟು ನೋಡಿ ತಿಳಿಸಿ.

ಎರಡನೆಯ ಉತ್ತರ

ಮಚ್ಚೆಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಇಲ್ಲಿ ಗುರುತು ತಪ್ಪಿದರೆ ಒಳ್ಳೆಯ ಗಿಡವನ್ನು ಸುಡುವ ಅಥವಾ ಕೆಟ್ಟ ಗಿಡವನ್ನು ಉಳಿಸಿಕೊಳ್ಳುವ ಅಪಾಯವಿದೆ. ಹಳೆಯ ಎಲೆಗಳಲ್ಲಿ ದುಂಡನೆಯ, ಕಂದು ಮಿಶ್ರಿತ ಕಪ್ಪು ಮಚ್ಚೆಗಳಿದ್ದು, ಅವುಗಳೊಳಗೆ ಬಳೆಯಂಥ ಗೆರೆಗಳು ಕಂಡರೆ ಅದು ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗ. ಚಳಿಗಾಲದಲ್ಲಿ ಹೂವಿನ ಕಾಂಡಗಳು ಮೇಲೇಳುವ ಮೊದಲೇ ಹಳೆಯ ಎಲೆಗಳನ್ನೆಲ್ಲ ಬುಡದವರೆಗೆ ಕತ್ತರಿಸಿ, ಗೊಬ್ಬರದ ಗುಂಡಿಗೆ ಹಾಕದೆ ತೋಟದಿಂದ ಹೊರಗೆ ಸಾಗಿಸಿದರೆ ರೋಗ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಹೂವುಗಳೂ ಆಗ ಎಲೆಯ ಮರೆಯಿಲ್ಲದೆ ಕಾಣುತ್ತವೆ.

ಆದರೆ ಹೊಸ ಎಲೆಗಳೇ ಮುರುಟಿಕೊಂಡು, ನರಗಳ ಉದ್ದಕ್ಕೂ ಕಪ್ಪು ಗೆರೆಗಳು ಬಲೆಯಂತೆ ಹರಡಿದ್ದರೆ ಅದು ‘ಬ್ಲ್ಯಾಕ್ ಡೆತ್’ ಎಂಬ ವೈರಸ್ ರೋಗವಾಗಿರಬಹುದು. ಅದಕ್ಕೆ ಔಷಧವಿಲ್ಲ, ಪಕ್ಕದ ಗಿಡಗಳಿಗೆ ರಸ ಹೀರುವ ಗಿಡಹೇನುಗಳ ಮೂಲಕ ಹರಡೀತೆಂಬ ಕಾರಣಕ್ಕೆ ಅಂಥ ಗಿಡವನ್ನು ಬೇರುಸಹಿತ ಕಿತ್ತು ನಾಶಮಾಡಲೇಬೇಕು.

ಎಲೆ ಕತ್ತರಿಸುವಾಗ ಕೈಗವಸು ಮರೆಯಬೇಡಿ. ಗಿಡದ ಎಲ್ಲ ಭಾಗಗಳೂ ವಿಷಕಾರಿ, ರಸ ತಾಗಿದರೆ ಚರ್ಮ ಉರಿಯುತ್ತದೆ. (ಜಿಂಕೆಗಳೂ ಮೊಲಗಳೂ ಈ ಗಿಡದ ತಂಟೆಗೆ ಸಾಮಾನ್ಯವಾಗಿ ಬರದಿರುವುದು ಇದರಿಂದಲೇ.) ಮುಂದೆ ನೀವು ಹಸಿರು ಗಂಟೆಯಂಥ ಹೂವುಗಳ ಹೆಲೆಬೋರಸ್ ಫೀಟಿಡಸ್ ಬೆಳೆಸಿದರೆ ಅದಕ್ಕೆ ಈ ಕತ್ತರಿ ಪ್ರಯೋಗ ಮಾಡಬೇಡಿ, ಅದರ ಹೂಗೊಂಚಲು ಬರುವುದೇ ಹಿಂದಿನ ವರ್ಷ ಬೆಳೆದ ಎಲೆಕಾಂಡದ ತುದಿಯಲ್ಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮಚ್ಚೆಗಳು ದುಂಡಗಿವೆ, ಹೊಸ ಎಲೆಗಳು ಶುಚಿಯಾಗಿವೆ, ಮನಸ್ಸು ಹಗುರವಾಯಿತು. ನೈಗರ್‌ನ ಮೊಗ್ಗುಗಳು ಮಾತ್ರ ಮೂರು ಬೆರಳಿನಷ್ಟು ಕೆಳಗಿವೆ. ಪ್ರತಿ ವರ್ಷ ಅಕ್ಕರೆಯಿಂದ ಬುಡಕ್ಕೇ ತರಗೆಲೆ ಗೊಬ್ಬರ ರಾಶಿ ಹಾಕುತ್ತಿದ್ದವನು ನಾನೇ. ಈಗ ಕಿತ್ತು ನೆಡಬಹುದೇ? ಗಿಡವನ್ನು ಭಾಗ ಮಾಡಿದರೆ ಹೆಚ್ಚು ಹೂ ಬರುತ್ತದೆಯೇ? ಮತ್ತೊಂದು ಸಂದೇಹ: ಹಿಮ ಬಿದ್ದ ಬೆಳಗ್ಗೆ ಮಿಶ್ರತಳಿಯ ಹೂಗಳು ನೆಲಕ್ಕೆ ಬಾಗಿಬಿದ್ದಿದ್ದವು. ಅದು ನೀರಿನ ಕೊರತೆಯೇ?

ಮೊದಲ ಉತ್ತರ ಬರೆದವರು

ಹಿಮದಲ್ಲಿ ಬಾಗಿದ ಹೂಗಳಿಗೆ ನೀರು ಹಾಕುವ ಅಗತ್ಯವಿಲ್ಲ. ಬಿಸಿಲೇರಿ ಹಿಮ ಕರಗಿದ ಮೇಲೆ ಕಾಂಡಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ನಾವು ದಳವೆಂದುಕೊಳ್ಳುವುದು ವಾಸ್ತವವಾಗಿ ಪುಷ್ಪಪತ್ರ, ಅಂದರೆ ಮೊಗ್ಗನ್ನು ಮುಚ್ಚಿರುವ ಹೊರಸುತ್ತಿನ ಎಸಳು. ನಿಜವಾದ ದಳಗಳು ಕೇಸರಗಳ ಸುತ್ತ ಮಕರಂದ ತುಂಬಿದ ಪುಟ್ಟ ಕೊಳವೆಗಳಾಗಿ ಮಾರ್ಪಟ್ಟಿವೆ. ಪುಷ್ಪಪತ್ರಗಳು ಉದುರದೆ ಮೆಲ್ಲನೆ ಹಸಿರಿಗೆ ತಿರುಗುತ್ತ ಉಳಿಯುವುದರಿಂದಲೇ ಒಂದೊಂದು ಹೂವೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಲ್ಲುತ್ತದೆ.

ಭಾಗ ಮಾಡುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಬೇರುಗಳು ಆಳಕ್ಕಿಳಿಯುವ ಗಿಡವಿದು. ಒಮ್ಮೆ ಕದಲಿಸಿದರೆ ಮತ್ತೆ ನೆಲೆಯೂರಲು ಒಂದೆರಡು ವರ್ಷ ಬೇಕಾಗಬಹುದು. ನೈಗರ್ ಬುಡದ ಮೇಲಿನ ಗೊಬ್ಬರವನ್ನು ಇಂದೇ ಕೈಯಿಂದ ಸರಿಸಿ. ಅಷ್ಟರಿಂದಲೇ ಮೊಗ್ಗು ಬೆಳಕು ಕಂಡರೆ ಗಿಡವನ್ನು ಮೇಲೆತ್ತುವ ಅಗತ್ಯವಿಲ್ಲ. ಆದರೆ ಜಾಗ ಬದಲಿಸುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಹೊಸ ಬೇರು ಹೊರಡುವ ಶರತ್ಕಾಲದ ಆರಂಭದಲ್ಲಿ, ಬೇರಿನ ಸುತ್ತಲಿನ ಮಣ್ಣಿನ ಹೆಂಟೆಯನ್ನು ಒಡೆಯದೆ, ಎಲೆ ಉದುರುವ ಮರದ ಕೆಳಗೆ ಸುಮಾರು 45 ಸೆಂಟಿಮೀಟರ್ ಅಂತರದಲ್ಲಿ ನೆಡಿ. ನೀರು ನಿಲ್ಲದೆ ಬಸಿದುಹೋಗುವ, ಗೊಬ್ಬರ ತುಂಬಿದ ಮಣ್ಣು ಇರಲಿ. ನೈಗರ್‌ಗೆ ಸ್ವಲ್ಪ ಸುಣ್ಣದ ಅಂಶವಿದ್ದರೆ ಇನ್ನೂ ಒಳ್ಳೆಯದು. ಮೊದಲ ಬೇಸಿಗೆಯಲ್ಲಿ ನೀರುಣಿಸಲೇಬೇಕು. ಮಿಶ್ರತಳಿಗಳ ಹೂಗಳು ತಲೆ ತಗ್ಗಿಸಿಕೊಂಡಿರುವುದರಿಂದ, ಇಳಿಜಾರಿನ ಮೇಲ್ಭಾಗ ಸಿಕ್ಕರೆ ಕೆಳಗೆ ನಿಂತವರಿಗೆ ಹೂವಿನ ಒಳಮುಖ ಕಾಣುತ್ತದೆ.

ಗಿಡಗಳ ಸಂಖ್ಯೆ ಹೆಚ್ಚಬೇಕೆಂದಿದ್ದರೆ ಬೀಜವೇ ಒಳ್ಳೆಯ ದಾರಿ. ಬೀಜಕೋಶ ಬಿರಿಯುತ್ತಿದ್ದಂತೆಯೇ ಬೀಜ ಸಂಗ್ರಹಿಸಿ, ಒಣಗಲು ಬಿಡದೆ ಕುಂಡದಲ್ಲಿ ಬಿತ್ತಿ ಹೊರಗಿಡಿ. ಬೀಜಕ್ಕೆ ಅಂಟಿರುವ ಎಣ್ಣೆಯಂಶದ ತಿರುಳಿಗಾಗಿ ಇರುವೆಗಳು ಅದನ್ನು ಹೊತ್ತೊಯ್ಯುವುದರಿಂದ ತಡಮಾಡಬೇಡಿ. ಮೊದಲು ಬೆಚ್ಚಗಿನ ತಿಂಗಳುಗಳು, ಆಮೇಲೆ ಚಳಿ, ಎರಡೂ ಕಳೆದ ಮೇಲೆಯೇ ಅದು ಮೊಳೆಯುತ್ತದೆ. ಸಸಿ ಹೂ ಬಿಡಲು ಮತ್ತೆ ಎರಡು ಮೂರು ವರ್ಷ ಬೇಕು, ಮಿಶ್ರತಳಿಯ ಬೀಜದಿಂದ ತಾಯಿಗಿಡದ ಬಣ್ಣವೇ ಬರುವುದೂ ಇಲ್ಲ. ಆದ್ದರಿಂದ ಮೊದಲ ಹೂ ನೋಡುವ ತನಕ ಒಂದು ಸಸಿಯನ್ನೂ ಕಿತ್ತೊಗೆಯಬೇಡಿ.