ಡೀಫಾಲ್ಟ್, ಇನಿಷಿಯಲ್, ಪ್ಲೇಸ್‌ಹೋಲ್ಡರ್: ಮೂರಕ್ಕೂ ‘ಪೂರ್ವನಿಯೋಜಿತ’ ಸಾಕೇ?

ಡೊಂಬಿವಲಿಯಿಂದ ಒಂದು ಪದದ ಗೋಳು. ನಮ್ಮ ಬಳಗದ ಸಣ್ಣ ವಾಚನಾಲಯಕ್ಕೆ ಸದಸ್ಯರ ಪಟ್ಟಿಯನ್ನು ಜ್ಯಾಂಗೋ ಎಂಬ, ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ಟಿದ್ದೇನೆ. ಅಡ್ಮಿನ್ ಪುಟದಲ್ಲಿ ಹೆಸರು ಸೇರಿಸುವವರು ಇಬ್ಬರು ಹಿರಿಯರು. ಪ್ರತಿ ಸಲ ಊರು ಡೊಂಬಿವಲಿ, ಪಿನ್‌ಕೋಡ್ 421201, ರಾಜ್ಯ ಮಹಾರಾಷ್ಟ್ರ ಅಂತ ಟೈಪ್ ಮಾಡಿ ಅವರ ಬೆರಳು ಸವೆಯುವುದು ಬೇಡ ಎಂದು ಮೊದಲೇ ತುಂಬಿಟ್ಟೆ. ಚೌಕದ ಕೆಳಗೆ ‘ಇದು ಪೂರ್ವನಿಯೋಜಿತ ಬೆಲೆ, ಬೇಕಾದರೆ ಬದಲಿಸಿ’ ಎಂದು ಬರೆದೆ. (ಬೆಲೆ ಅಂದರೆ ಇಲ್ಲಿ ದುಡ್ಡಲ್ಲ, ಚೌಕದಲ್ಲಿ ತುಂಬುವ ‘ವ್ಯಾಲ್ಯೂ’.) ಕನ್ನಡದ ಸಾಫ್ಟ್‌ವೇರ್ ಅನುವಾದಗಳಲ್ಲಿ ‘ಡೀಫಾಲ್ಟ್’ಗೆ ಕಾಣುವ ಪದ ಅದೇ ತಾನೇ.

ಒಬ್ಬರು ಕನ್ನಡಕ ಏರಿಸಿ ಓದಿದರು. “ಪೂರ್ವನಿಯೋಜಿತ ಅಂದರೆ ಕೊಲೆ ಅಲ್ವಾ?” ಅಂದರು.

ತಪ್ಪೇನಿಲ್ಲ. ಪೇಪರಿನಲ್ಲಿ ನಾವು ಆ ಪದವನ್ನು ನೋಡುವುದು ‘ಇದು ಪೂರ್ವನಿಯೋಜಿತ ಕೃತ್ಯ’ ಅನ್ನುವ ಸಾಲಿನಲ್ಲಿ. ಸರಿ, ಸುಮ್ನೆ ‘ಡೀಫಾಲ್ಟ್’ ಅಂತಲೇ ಬರೆದೆ. ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಅವರಿಗೆ ಡೀಫಾಲ್ಟ್ ಅಂದರೆ ಸುಸ್ತಿ, ಸಾಲ ಕಟ್ಟದವನು ಸುಸ್ತಿದಾರ. ಸದಸ್ಯರ ಫಾರ್ಮಿನಲ್ಲಿ ಇದ್ಯಾಕೆ ಬಂತು ಎಂದು ಅವರ ಪ್ರಶ್ನೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ದಿನಾ ಬರುವವರು ‘ಮಾಮೂಲು ಕೊಡಿ’ ಅನ್ನುತ್ತಾರಲ್ಲ, ಆ ‘ಮಾಮೂಲು’ ಚೆನ್ನಾಗಿ ಕೂರುತ್ತದೆ ಅಂದುಕೊಂಡೆ. ಆದರೆ ‘ಮಾಮೂಲು ಬೆಲೆ’ ಎಂದು ಅಡ್ಮಿನ್ ಪುಟದಲ್ಲಿ ಬರೆದರೆ ಯಾರಿಗೆ ಎಷ್ಟು ಕೊಡಬೇಕು ಅಂತ ಕೇಳುತ್ತಾರೆ!

ಇಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ನಿಜವಾದ ತೊಡಕು ಬೇರೆ. ಮೊದಲೇ ತುಂಬಿರುವುದು ಒಂದೇ ಬಗೆಯದಲ್ಲ.

ಜ್ಯಾಂಗೋದಲ್ಲಿ ಡೀಫಾಲ್ಟ್ ಇರುವುದು ಮಾಡೆಲ್‌ನಲ್ಲಿ, ಅಂದರೆ ಪಟ್ಟಿಯಲ್ಲಿ ಯಾವ ಯಾವ ಕಾಲಮ್ ಇರಬೇಕು ಎಂದು ಬರೆದಿಡುವ ಕೋಡ್‌ನಲ್ಲಿ. ಯಾರೂ ಏನೂ ಹೇಳದಿದ್ದರೆ ಆ ಬೆಲೆಯೇ ಪಟ್ಟಿಗೆ ಸೇರುತ್ತದೆ. ಹೆಸರು ಫಾರ್ಮಿನಿಂದ ಬಂದರೂ ಅಷ್ಟೇ, ಸ್ಕ್ರಿಪ್ಟ್‌ನಿಂದ (ಹೆಸರುಗಳನ್ನು ತಾನೇ ತುಂಬುವ ಸಣ್ಣ ಪ್ರೋಗ್ರಾಂನಿಂದ) ಬಂದರೂ ಅಷ್ಟೇ. ಇನಿಷಿಯಲ್ ಹಾಗಲ್ಲ. ಅದು ಫಾರ್ಮ್ ತೆರೆದಾಗ ಚೌಕದಲ್ಲಿ ಕಾಣಿಸುವುದು, ಅಷ್ಟೇ. ಅಡ್ಮಿನ್‌ನಲ್ಲಿ ಅದಕ್ಕೆಂದೇ ‘ಗೆಟ್ ಚೇಂಜ್‌ಫಾರ್ಮ್ ಇನಿಷಿಯಲ್ ಡೇಟಾ’ ಎಂಬ ಮೆಥಡ್ (ಕೋಡ್‌ನ ತುಣುಕು) ಇದೆ. 2014ರಲ್ಲಿ ಬಂದ 1.7ನೇ ಆವೃತ್ತಿಯಿಂದ ಇದೆ. ಸೇರಿಸುವ ಪುಟದ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಚೌಕದ ಹೆಸರಿನೊಂದಿಗೆ ಪಿನ್‌ಕೋಡ್ ಬರೆದರೂ ಚೌಕ ತುಂಬಿಕೊಂಡೇ ತೆರೆಯುತ್ತದೆ. ಫಾರ್ಮನ್ನು ಮುಟ್ಟದ ಸ್ಕ್ರಿಪ್ಟ್‌ಗೆ ಇನಿಷಿಯಲ್ ಇದೆಯೆಂದೇ ಗೊತ್ತಾಗುವುದಿಲ್ಲ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ಬೈಸಿಕೊಂಡ ಮೇಲೆ. ಮಾತೃಭಾಷೆಯ ಚೌಕಕ್ಕೆ ಡೀಫಾಲ್ಟ್ ‘ಕನ್ನಡ’ ಎಂದು ಇಟ್ಟಿದ್ದೆ. ಹಳೆ ರಿಜಿಸ್ಟರಿನ ಹೆಸರುಗಳನ್ನು ಎಕ್ಸೆಲ್‌ನಿಂದ ಸ್ಕ್ರಿಪ್ಟ್ ಬರೆದು ತುಂಬಿದೆ. ರಿಜಿಸ್ಟರಿನಲ್ಲಿ ಮಾತೃಭಾಷೆಯ ಕಾಲಮ್ಮೇ ಇರಲಿಲ್ಲ. ಮುಂಬೈ ಕಡೆಯ ಕನ್ನಡ ಬಳಗ ಅಂದರೆ ಗೊತ್ತಲ್ಲ, ಮನೆಯಲ್ಲಿ ತುಳು, ಕೊಂಕಣಿ ಆಡುವವರು ಜಾಸ್ತಿ. ಅಷ್ಟೂ ಜನ ರಾತ್ರೋರಾತ್ರಿ ಕನ್ನಡದವರಾದರು. ಒಬ್ಬ ಅಜ್ಜಿ ಫೋನ್ ಮಾಡಿ, “ನನ್ನ ಅಮ್ಮ ಯಾವಾಗ ತುಳು ಬಿಟ್ಟಳು ಮಗಾ?” ಎಂದು ಕೇಳಿದರು. ಅದೇ ‘ಕನ್ನಡ’ವನ್ನು ಇನಿಷಿಯಲ್ ಆಗಿ ಇಟ್ಟಿದ್ದರೆ ಹಳೆಯ ಹೆಸರುಗಳ ಮುಂದೆ ಚೌಕ ಖಾಲಿ ಇರುತ್ತಿತ್ತು. ಕೇಳಿ ತುಂಬಬಹುದಿತ್ತು.

‘ಇನಿಷಿಯಲ್’ ಎಂದೇ ಬರೆಯೋಣ ಅಂದರೆ ನಮ್ಮವರು ಅಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ ಹಾಕುತ್ತಾರೆ. ‘ಆರಂಭಿಕ’ ಅಂದರೆ ಕ್ರಿಕೆಟ್ ಬ್ಯಾಟ್ಸ್‌ಮನ್.

ಪ್ಲೇಸ್‌ಹೋಲ್ಡರ್ ಮಾತ್ರ ಸುಲಭ. ಚೌಕದೊಳಗೆ ಮಸುಕಾಗಿ ಕಂಡು, ಟೈಪ್ ಮಾಡಿದರೆ ಮಾಯವಾಗುವ ಬರಹ ಅದು. ಊರಿನ ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಹಾಗೆ. ಟವೆಲ್‌ಗೆ ಯಾರೂ ಟಿಕೆಟ್ ಕೊಡುವುದಿಲ್ಲ, ಮಸುಕು ಬರಹವೂ ಪಟ್ಟಿಗೆ ಸೇರುವುದಿಲ್ಲ. ‘ಸುಳಿವು’ ಅಂದರೆ ಸಾಕು.

ಉಳಿದ ಎರಡಕ್ಕೆ ನನಗೆ ತೋಚಿದ್ದು ಇದು. ಇನಿಷಿಯಲ್‌ಗೆ ‘ತುಂಬಿಟ್ಟದ್ದು’. ನಮ್ಮ ಕಡೆ ನಲ್ಲಿ ನೀರು ಬಂದಾಗ ಬಕೆಟ್ ತುಂಬಿಡುವ ರೂಢಿ ಇರುವುದರಿಂದ ಯಾರಿಗೂ ವಿವರಿಸಬೇಕಿಲ್ಲ. ಬೇಡವಾದರೆ ಚೆಲ್ಲಬಹುದು. ಡೀಫಾಲ್ಟ್‌ಗೆ ‘ಸುಮ್ಮನಿದ್ದರೆ’. ‘ಸುಮ್ಮನಿದ್ದರೆ ಬೆಲೆ: ಕನ್ನಡ’. ವ್ಯಾಕರಣ ಬಲ್ಲವರು ಹುಬ್ಬು ಗಂಟಿಕ್ಕಬಹುದು, ಕ್ರಿಯಾಪದವನ್ನು ಹೆಸರಿನ ಹಿಂದೆ ಹೀಗೆ ನಿಲ್ಲಿಸಬಹುದೇ ಎಂದು. ಆದರೆ ಸಾಲ ಕಟ್ಟದೆ ಸುಮ್ಮನಿದ್ದವನೂ ಡೀಫಾಲ್ಟರ್ ಅಲ್ವಾ? ಬ್ಯಾಂಕಿನ ಅರ್ಥ, ಕಂಪ್ಯೂಟರಿನ ಅರ್ಥ ಎರಡೂ ಅಲ್ಲಿ ಕೈ ಕುಲುಕುತ್ತವೆ. ಇಂಗ್ಲಿಷಿನ ಆ ಪದವೂ ಮೊದಲು ಹೇಳುತ್ತಿದ್ದದ್ದು ಮಾಡಬೇಕಾದದ್ದನ್ನು ಮಾಡದಿರುವುದನ್ನೇ.

ಒಂದು ಕಡೆ ಮಾತ್ರ ಈ ಪದ ಎಡವುತ್ತದೆ. ಡೀಫಾಲ್ಟ್ ಇದ್ದ ಚೌಕವನ್ನು ಅಡ್ಮಿನ್ ಫಾರ್ಮಿನಲ್ಲಿ ಪೂರ್ತಿ ಅಳಿಸಿ ಸೇವ್ ಒತ್ತಿದರೆ, ಖಾಲಿ ಬಿಡಲು ಅವಕಾಶ ಇರುವ ಪಠ್ಯದ ಚೌಕವಾದರೆ, ಖಾಲಿಯೇ ಉಳಿಯುತ್ತದೆ. ಡೀಫಾಲ್ಟ್ ವಾಪಸ್ ಬರುವುದಿಲ್ಲ. ಅಳಿಸುವುದು ಸುಮ್ಮನಿರುವುದಲ್ಲ ಎಂದು ವಾದಿಸಬಹುದು. ಆದರೆ ನಮ್ಮ ಬ್ಯಾಂಕಿನವರು ಒಪ್ಪಲಿಲ್ಲ. “ಏನೂ ಬರೆಯಲಿಲ್ಲ ಅಂದರೆ ಸುಮ್ಮನಿದ್ದ ಹಾಗೇ ಅಲ್ಲವೇನಯ್ಯಾ” ಅಂದರು.

ಹಾಗಾಗಿ ಕೇಳುತ್ತಿದ್ದೇನೆ. ‘ಸುಮ್ಮನಿದ್ದರೆ’ಯನ್ನು ಹೆಸರುಪದ ಮಾಡುವ ಸರಾಗವಾದ ದಾರಿ ಇದೆಯೇ? ಧಾರವಾಡ, ಬೆಳಗಾವಿ ಕಡೆ ಅಂಗಡಿಯಲ್ಲೋ ಲೆಕ್ಕದ ಪುಸ್ತಕದಲ್ಲೋ ‘ಬೇರೆ ಹೇಳದಿದ್ದರೆ ಇದೇ’ ಅನ್ನುವುದಕ್ಕೆ ಹಳೆಯ ಮಾತೇನಾದರೂ ಬಳಕೆಯಲ್ಲಿದೆಯೇ? ಭಾನುವಾರ ಹೊಸ ಫಾರ್ಮ್ ಹಾಕಬೇಕು. ಸದ್ಯಕ್ಕೆ ಆ ಚೌಕದ ಕೆಳಗೆ ‘ತಪ್ಪಿದ್ದರೆ ತಿದ್ದಿ’ ಎಂದಷ್ಟೇ ಬರೆದಿಟ್ಟಿದ್ದೇನೆ. ಅಜ್ಜಿಯ ಸಾಲನ್ನು ನಾನೇ ತಿದ್ದಿದೆ.